ನಗಿಸೋರು ಸುಮ್ಮನಾದಾಗ

ಬೆಳಗಾವಿಯಿಂದ ಮಾತಾಡಾಕತ್ತೀನಿ. ಇವತ್ತು ಕಾಮಿಡಿ ಬಗ್ಗೆನ, ಆದ್ರ ನಗು ಕಡಿಮಿ.

2025ರ ಮೇ ತಿಂಗಳು. 'ಕಾಮಿಡಿ ಕಿಲಾಡಿಗಳು' ಶೋನಿಂದ ಹೆಸರಾದ ಮಡೆನೂರು ಮನು ಅವರನ್ನು ಸಹನಟಿಯೊಬ್ಬರ ಅತ್ಯಾಚಾರದ ದೂರಿನ ಮೇಲೆ ಪೊಲೀಸರು ಬಂಧಿಸಿದರು. ಮನು ಆರೋಪ ಅಲ್ಲಗಳೆದರು. ಖರೆ-ಸುಳ್ಳು ತೀರ್ಮಾನ ನನ್ನ ಕೆಲಸ ಅಲ್ಲ. ನನಗ ಚುಚ್ಚಿದ್ದು ಬ್ಯಾರೆ. ಅದರ ಬೆನ್ನಲ್ಲೇ, ಸ್ಟಾರ್ ನಟರನ್ನು ಬೈದ ಆಡಿಯೊ ಒಂದು ಅವರದ್ದು ಅಂತ ಹರಿದಾಡಿತು. ಆಗ ಫಿಲ್ಮ್ ಚೇಂಬರ್ ಅಸಹಕಾರ ಘೋಷಿಸಿತು. ನಾ ಕೇಳಿದ ಹರಟೆಯೆಲ್ಲ ಸ್ಟಾರ್‌ಗಳ ಮರ್ಯಾದಿ ಬಗ್ಗೆನ. ದೂರು ಕೊಟ್ಟವರನ್ನು ಯಾರೂ ನೆನೆಸಲಿಲ್ಲ.

ನಾನೂ ಅಷ್ಟ. ಖಾನಾಪುರದ ಗೆಳತಿ ಒಬ್ಬಾಕಿ ಇಲ್ಲಿನ ಓಪನ್ ಮೈಕಿಗೆ ಬರೋದು ಬಿಟ್ಟಳು. "ಅಂವ ಇದ್ರ ನಾ ಬರಂಗಿಲ್ಲ" ಅಂದಳು. "ಅಂವ ಹಂಗ, ಬಿಡು" ಅಂದೆ. ಮುಂದಿನ ಶೋದಾಗ ಅವನ ಜೋಕಿಗೆ ಚಪ್ಪಾಳೆನೂ ತಟ್ಟಿದೆ.

ನಮಗ ಆಫೀಸಿಲ್ಲ, ಎಚ್‌ಆರ್ ಇಲ್ಲ. ಆದ್ರ 2013ರ ಕಾಯ್ದೆ ಪ್ರಕಾರ 10ಕ್ಕಿಂತ ಕಡಿಮೆ ಮಂದಿ ಇರೋ ಕೆಲಸದ ಜಾಗದ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು, 3 ತಿಂಗಳೊಳಗ. ಇದು ಗೊತ್ತಾದ ಮ್ಯಾಲ ಆಕಿಗೆ ಫೋನ್ ಹಚ್ಚಿದೆ. ತಪ್ಪಾತು ಅಂದೆ, ಕಾಯ್ದೆ ಹೇಳಿದೆ.

"ಎಂಟು ತಿಂಗಳಾತಲ್ಲೋ" ಅಂದಳು.

ನೀವು ಹಿಂಗ ತಡಾ ಮಾಡಬ್ಯಾಡ್ರಿ.