ಹದಿನೆಂಟರ ನಂತರ ಎಲ್ಲಿಗೆ?



ಅನಾಥರ ಪಾಲನೆಯಲ್ಲಿ ನಮ್ಮ ಸಮುದಾಯಕ್ಕೆ ದೀರ್ಘ ಪರಂಪರೆಯಿದೆ. 1943ರಲ್ಲಿ ಮಲಬಾರಿನಲ್ಲಿ ಕಾಲರಾ ಹಬ್ಬಿ ಮಕ್ಕಳು ತಬ್ಬಲಿಗಳಾದಾಗ ತಿರೂರಂಗಾಡಿಯಲ್ಲಿ ಯತೀಮ್‌ಖಾನೆ ತಲೆಯೆತ್ತಿತು. ಇಂದಿಗೂ ರಮಝಾನ್ ಬಂತೆಂದರೆ ಇಂತಹ ಮಂದಿರಗಳಿಗೆ ಅಕ್ಕಿ, ಬಟ್ಟೆ, ಝಕಾತ್‌ನ ಹಣ ಹರಿದು ಬರುತ್ತದೆ. ಆದರೆ ಅಲ್ಲಿ ಬೆಳೆದ ಹುಡುಗನಿಗೆ ಹದಿನೆಂಟು ತುಂಬಿದ ಮೇಲೆ ಅವನು ಎಲ್ಲಿ ಮಲಗುತ್ತಾನೆ? ಇಂದು ನಾವು ಚರ್ಚಿಸಬೇಕಾದ ಪ್ರಶ್ನೆ ಇದು.

ಬಾಲನ್ಯಾಯ ಕಾಯ್ದೆ, 2015ರ ಪ್ರಕಾರ ಹದಿನೆಂಟು ತುಂಬಿದವನು ಮಗುವಲ್ಲ. ಮಂದಿರವನ್ನು ಬಿಡುವವನಿಗೆ 21 ವರ್ಷದವರೆಗೆ 'ನಂತರದ ಆರೈಕೆ' ಎಂಬ ಏರ್ಪಾಡು ಕಾಯ್ದೆಯಲ್ಲಿದೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯು ಅದಕ್ಕೆ ತಿಂಗಳಿಗೆ 4,000 ರೂಪಾಯಿ ನಿಗದಿಪಡಿಸಿತು. ಆದರೆ ಕಾಯ್ದೆಯ ಭಾಷೆಯನ್ನು ಗಮನಿಸಿರಿ. ಆರ್ಥಿಕ ನೆರವನ್ನು 'ಒದಗಿಸಬಹುದು' ಎಂದಿದೆಯೇ ಹೊರತು 'ಒದಗಿಸತಕ್ಕದ್ದು' ಎಂದಿಲ್ಲ. ಹಕ್ಕಾಗಬೇಕಾದುದು ಅಧಿಕಾರಿಯ ಔದಾರ್ಯವಾಗಿ ಉಳಿದಿದೆ. 4,000 ರೂಪಾಯಿಯಲ್ಲಿ ಕೋಣೆಯ ಬಾಡಿಗೆ ಕೊಟ್ಟು ಊಟ ಮಾಡುವುದು ಹೇಗೆಂದು ನೀವೇ ಲೆಕ್ಕ ಹಾಕಿರಿ. ಮುಂಗಡಕ್ಕೆ ಹಣವಿಲ್ಲ, ಜಾಮೀನಿಗೆ ತಂದೆಯಿಲ್ಲ, ಗುರುತಿನ ಚೀಟಿಯಲ್ಲಿರುವುದು ತಾನು ಬಿಟ್ಟುಬಂದ ಮಂದಿರದ ವಿಳಾಸ. ಹೆಸರು ಕೇಳಿಯೇ ಮನೆ ಇಲ್ಲವೆನ್ನುವ ಮಾಲಕರೂ ಇದ್ದಾರೆ. ಇಂತಹ ಯುವಕನನ್ನು ಬಸ್ ನಿಲ್ದಾಣದಲ್ಲಿ ಮೊದಲು ವಿಚಾರಿಸುವವರು ಸಜ್ಜನರೇ ಆಗಿರಬೇಕೆಂದಿಲ್ಲ.

ಇನ್ನೊಂದು ವರ್ಗವಿದೆ. ತಂದೆ ತಾಯಿ ಬದುಕಿದ್ದೂ ಹೊಡೆತಕ್ಕೋ ಹಸಿವಿಗೋ ಅಂಜಿ ರೈಲು ಹತ್ತಿದ ಮಕ್ಕಳು. ಇವರು ಯತೀಮ್‌ಗಳ ಪಟ್ಟಿಗೆ ಸೇರುವುದಿಲ್ಲ. ಬೆಂಗಳೂರಿನಲ್ಲಿ 1980ರಲ್ಲಿ ಸಲೇಶಿಯನ್ ಬಳಗವು ಇಂತಹವರಿಗಾಗಿಯೇ ಕೆಲಸ ಆರಂಭಿಸಿತು. ಅದರ ಹೆಸರು ಬೋಸ್ಕೊ, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ. ಹುಡುಗರು ತಮ್ಮ ಬಾಗಿಲಿಗೆ ಬರಲೆಂದು ಕಾಯದೆ ಅವರು ನಿಲ್ದಾಣಕ್ಕೂ ಓಣಿಗೂ ಹೋದರು. ಒಳಿತನ್ನು ಯಾರಿಂದ ಕಲಿತರೂ ಅದು ಒಳಿತೇ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಸದುದ್ದೇಶದಿಂದಲೇ ಆದರೂ ದಿಕ್ಕಿಲ್ಲದ ಬಾಲಕನನ್ನು ಅಂಗಡಿಯಲ್ಲೋ ನೋಂದಣಿಯಿಲ್ಲದ ಮಂದಿರದಲ್ಲೋ ಇರಿಸಿಕೊಳ್ಳಬಾರದು. 1098ಕ್ಕೆ ಕರೆ ಮಾಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂಬುದು ಕಾನೂನು. ನೋಂದಣಿಯಿಲ್ಲದೆ ಮಂದಿರ ನಡೆಸುವುದು ದಂಡನೀಯ ಅಪರಾಧ. ಅದು ನಮ್ಮ ಸಂಸ್ಥೆಗಳ ಮೇಲೆ ಅಪವಾದ ಹೊರಿಸಲು ಕಾದು ಕುಳಿತವರಿಗೆ ಅಸ್ತ್ರವೂ ಆಗುತ್ತದೆ.

ಸಹೋದರರೇ, ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ ಆರನೆಯ ಸೂಕ್ತವು ಅನಾಥರ ಸೊತ್ತನ್ನು ಅವರಿಗೆ ಮರಳಿಸಲು ಪ್ರಾಯವನ್ನಷ್ಟೇ ಮಾನದಂಡವಾಗಿಸಿಲ್ಲ. ಅವರಲ್ಲಿ ವಿವೇಕ ಮೂಡಿದೆಯೇ ಎಂದು ಪರೀಕ್ಷಿಸುವ ಹೊಣೆಯನ್ನೂ ಪೋಷಕರಿಗೆ ಹೊರಿಸಿದೆ. ಪ್ರವಾದಿ ಮುಹಮ್ಮದರು(ಸ) ಅನಾಥರಾಗಿ ಬೆಳೆದವರು. ಅಜ್ಜನ ಮರಣಾನಂತರ ಎಂಟರ ಪ್ರಾಯದಲ್ಲಿ ಅವರನ್ನು ಮಡಿಲಿಗೆ ತೆಗೆದುಕೊಂಡ ಅಬೂತಾಲಿಬ್, ಬಾಲ್ಯ ಮುಗಿಯಿತೆಂದು ಕೈ ಬಿಡಲಿಲ್ಲ. ವ್ಯಾಪಾರಕ್ಕೆ ಜೊತೆಯಲ್ಲಿ ಕರೆದೊಯ್ದರು, ವಿವಾಹದಲ್ಲಿ ಮುಂದೆ ನಿಂತರು, ಮಕ್ಕಾ ತಿರುಗಿಬಿದ್ದಾಗಲೂ ತಮ್ಮ ಕೊನೆಯುಸಿರಿನವರೆಗೆ ರಕ್ಷಣೆಯಾಗಿ ನಿಂತರು. ಪೋಷಣೆಯೆಂದರೆ ಇದು.

ಹಾಗಾದರೆ ಮಾಡಬೇಕಾದುದೇನು? ಪ್ರತಿಯೊಂದು ಪಟ್ಟಣದಲ್ಲಿ ನಾಲ್ಕು ಮಸೀದಿಗಳ ಜಮಾಅತ್‌ಗಳು ಸೇರಿ ಹದಿನೆಂಟು ದಾಟಿದವರಿಗೆ ಒಂದು ಬಾಡಿಗೆ ಮನೆ ಹಿಡಿಯಲಿ. ಹುಡುಗಿಯರಿಗೆ ಪ್ರತ್ಯೇಕ ವ್ಯವಸ್ಥೆ ಮಾಡಲಿ. ಮಂದಿರ ಬಿಡುವ ಒಂದು ವರ್ಷ ಮೊದಲೇ ಆಧಾರ್, ಬ್ಯಾಂಕ್ ಖಾತೆ, ಅಂಕಪಟ್ಟಿಗಳು ಕೈಗೆ ಸಿಗಲಿ. ವಿದ್ಯುತ್ ಕೆಲಸ, ಹೊಲಿಗೆ, ನರ್ಸಿಂಗ್ ಕಲಿಯುವವರ ಶುಲ್ಕವನ್ನು ಒಬ್ಬ ವರ್ತಕ ವಹಿಸಲಿ. ಸರಕಾರದ ನೆರವಿಗೆ ಅರ್ಜಿ ಬರೆದು, ಅದು ಮಂಜೂರಾಗುವ ತನಕ ಬೆನ್ನು ಹತ್ತಲು ಒಬ್ಬ ವಕೀಲರು ಮುಂದೆ ಬರಲಿ. ಎಲ್ಲಕ್ಕಿಂತ ಮಿಗಿಲಾಗಿ, ಈದ್‌ನ ದಿನ ಆ ಯುವಕನನ್ನು ಕರೆಯುವ ಒಂದು ಮನೆ ಇರಲಿ. ಕೆಲಸ ಕಳೆದುಕೊಂಡ ರಾತ್ರಿ ಅವನು ಹೆದರದೆ ತಟ್ಟಬಹುದಾದ ಬಾಗಿಲೂ ಅದೇ ಆಗಿರಲಿ.

ಈ ಸಭೆ ಮುಗಿದು ಚದುರುವ ಮುನ್ನ, ನಮ್ಮ ಊರಿನ ಯತೀಮ್‌ಖಾನೆಯಿಂದ ಈ ವರ್ಷ ಹೊರಬೀಳುವವರು ಎಷ್ಟು ಮಂದಿ ಎಂಬುದನ್ನು ಕೇಳಿ ತಿಳಿಯೋಣ. ಕೆಲಸ ಅಲ್ಲಿಂದಲೇ ಆರಂಭವಾಗಲಿ.