ಹದಿನೈದರ ಹೃದಯ

(ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿ, ವೈದ್ಯರೊಬ್ಬರು ಮಾಡಿದ ಭಾಷಣ)



ಮಕ್ಕಳ ಬೊಜ್ಜು ಮತ್ತು ಹೃದಯ ಎಂಬ ವಿಷಯವನ್ನು ನಾನೇ ಕೇಳಿ ಪಡೆದೆ. ಸಮಿತಿಯ ಹಿರಿಯರೊಬ್ಬರು, “ಡಾಕ್ಟ್ರೇ, ಅದು ಬೆಂಗಳೂರಿನ ಕಾಯಿಲೆ ಅಲ್ವಾ? ನಮ್ಮ ಹುಡುಗರಿಗೆ ಎಲ್ಲಿಯ ಬೊಜ್ಜು?” ಎಂದರು. ನಾವು ಓದುವಾಗ ಆ ಮಾತು ನಿಜವಾಗಿತ್ತು. ಇಡೀ ಶಾಲೆಗೆ ಒಬ್ಬನೋ ಇಬ್ಬರೋ ದಪ್ಪ ಹುಡುಗರು. ಈಗ ಕಾಲ ಬದಲಾಗಿದೆ. 2022ರಲ್ಲಿ ಜಗತ್ತಿನ 5ರಿಂದ 19 ವರ್ಷದ 39 ಕೋಟಿ ಮಕ್ಕಳಿಗೆ ತೂಕ ಹೆಚ್ಚಾಗಿತ್ತು, ಅವರಲ್ಲಿ 16 ಕೋಟಿ ಮಕ್ಕಳಿಗೆ ಬೊಜ್ಜೇ ಇತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾರ್ಟ್ ಅಟ್ಯಾಕ್ ಐವತ್ತರ ಕಾಯಿಲೆ ಎಂದು ನಾವು ತಿಳಿದಿದ್ದೇವೆ. ಐವತ್ತರಲ್ಲಿ ಅದು ಗೊತ್ತಾಗುತ್ತದೆ, ಅಷ್ಟೇ. ಅಮೆರಿಕದ ಬೊಗಲೂಸ ಎಂಬ ಸಣ್ಣ ಊರಿನಲ್ಲಿ ಡಾ. ಜೆರಾಲ್ಡ್ ಬೆರೆನ್ಸನ್ ಮತ್ತು ಸಂಗಡಿಗರು 1970ರ ದಶಕದಿಂದ ಶಾಲಾ ಮಕ್ಕಳ ತೂಕ, ಬಿಪಿ, ಕೊಲೆಸ್ಟರಾಲ್ ಅಳೆದು ಬರೆದಿಟ್ಟರು. ಮುಂದೆ ಅಪಘಾತ ಮುಂತಾದ ಕಾರಣಗಳಿಂದ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡವರ ರಕ್ತನಾಳಗಳನ್ನು ಪರೀಕ್ಷಿಸಿದರು. 1998ರಲ್ಲಿ ವರದಿ ಬಂತು. ಈ ಮೂರೂ ಹೆಚ್ಚಿದ್ದವರ ನಾಳಗಳಲ್ಲಿ ಕೊಬ್ಬು ಹೆಚ್ಚು ಹತ್ತಿತ್ತು. ನೋವಿಲ್ಲ, ಸುಸ್ತಿಲ್ಲ, ಆದರೂ ಒಳಗೆ ಕೆಲಸ ಶುರುವಾಗಿತ್ತು.

ರೈತರಿಗೆ ಇದನ್ನು ವಿವರಿಸುವುದು ಸುಲಭ. ಎರಡು ಎಕರೆಗೆ ಹಾಕಿದ ಮೋಟರಿನಿಂದ ನಾಲ್ಕು ಎಕರೆಗೆ ನೀರು ಹಾಯಿಸಿದರೆ ಏನಾಗುತ್ತದೆ? ದೇಹ ದಪ್ಪವಾದಷ್ಟೂ ಹೃದಯ ಹೆಚ್ಚು ರಕ್ತ ತಳ್ಳಬೇಕು. ಬಿಪಿ ಏರುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಜೊತೆಗೆ ಗಡಸು ನೀರಿನ ಪೈಪಿನಲ್ಲಿ ಉಪ್ಪು ಕಟ್ಟಿದ ಹಾಗೆ ನಾಳದೊಳಗೆ ಕೊಬ್ಬು ಕಟ್ಟುತ್ತದೆ. ಕೆಲವು ಮಕ್ಕಳ ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪವಾಗಿರುತ್ತದೆ. ತಾಯಂದಿರು ಕೊಳೆ ಎಂದು ನಾರು ಹಾಕಿ ತಿಕ್ಕುತ್ತಾರೆ. ಅಮ್ಮಾ, ಅದು ಕೊಳೆಯಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಅದು. ತಿಕ್ಕಬೇಡಿ, ಡಾಕ್ಟರಿಗೆ ತೋರಿಸಿ.

“ನಮ್ಮ ಮಗು ಹುಟ್ಟುವಾಗ ಕಡ್ಡಿ ಹಾಗಿತ್ತು, ಈಗಲಾದರೂ ಮೈಕೈ ತುಂಬಿಕೊಳ್ಳಲಿ” ಎನ್ನುವವರಿಗೆ ಮೈಸೂರಿನ ಒಂದು ವಿಷಯ ಹೇಳಬೇಕು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕದ ಹಳೆಯ ದಾಖಲೆಗಳಿದ್ದವು. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ ಹೃದ್ರೋಗ ಹೆಚ್ಚಾಗಿ ಕಂಡಿತು. 1996ರಲ್ಲಿ ಇದು ಪ್ರಕಟವಾಯಿತು. ಅಂಥ ಮಗುವಿಗೆ ಹೊಟ್ಟೆ ತುಂಬ ಒಳ್ಳೆಯ ಊಟ ಬೇಕು, ನಿಜ. ಆದರೆ ಮುಂದೆ ಬರುವ ಬೊಜ್ಜು ಅದಕ್ಕೆ ಬೇರೆಯವರಿಗಿಂತ ಹೆಚ್ಚು ಭಾರ.

ಕುರುಕಲು ಪ್ಯಾಕೆಟ್, ಬೇಕರಿ, ಮೊಬೈಲು, ಇವನ್ನೆಲ್ಲ ನೀವು ನೂರು ಸಲ ಕೇಳಿದ್ದೀರಿ. ಶಿಕ್ಷಕರಲ್ಲಿ ಮಾತ್ರ ಒಂದು ಬೇಡಿಕೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ನಿಮಗೆ ಎಷ್ಟಿದೆ ಎಂದು ಗೊತ್ತು. ಆದರೂ ಆಟದ ಪಿರಿಯಡ್ ಅನ್ನು ಗಣಿತಕ್ಕೆ ಕೊಡಬೇಡಿ. ಹುಡುಗಿಯರನ್ನೂ ಬಯಲಿಗೆ ಇಳಿಸಿ. ದೊಡ್ಡವಳಾದ ಮೇಲೆ ಆಟ ನಿಲ್ಲಿಸುವ ರೂಢಿ ನಮ್ಮಲ್ಲಿದೆ, ತೂಕ ಏರುವುದೂ ಬಹಳ ಸಲ ಆಗಲೇ. ಮಕ್ಕಳೇ, ಗೆಳೆಯನನ್ನು “ಡುಮ್ಮ” ಎಂದು ಕರೆಯಬೇಡಿ. ಹಾಗೆ ಕರೆಸಿಕೊಂಡವನು ಮೊದಲು ಬಿಡುವುದು ಕಬಡ್ಡಿಯನ್ನು, ತಿಂಡಿಯನ್ನಲ್ಲ.

ಸಂತೋಷದ ಸಂಗತಿಯೂ ಇದೆ. 6,000ಕ್ಕೂ ಹೆಚ್ಚು ಜನರನ್ನು ಬಾಲ್ಯದಿಂದ ಗಮನಿಸಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ದಪ್ಪಗಿದ್ದು, ದೊಡ್ಡವರಾಗುವಷ್ಟರಲ್ಲಿ ಬೊಜ್ಜು ಕಳೆದುಕೊಂಡವರಿಗೆ ಬಿಪಿ, ಸಕ್ಕರೆ ಕಾಯಿಲೆಯ ಅಪಾಯ ಎಂದೂ ದಪ್ಪಗಿರದವರಷ್ಟೇ ಇತ್ತು. ಹದಿನೈದರ ಹೃದಯಕ್ಕೆ ಇನ್ನೂ ಸಮಯವಿದೆ.

ಮನೆಗೆ ಹೋಗಿ ಒಂದು ದಾರ ತೆಗೆದುಕೊಳ್ಳಿ. ಮಗುವಿನ ಎತ್ತರದಷ್ಟು ಕತ್ತರಿಸಿ, ಸರಿಯಾಗಿ ಎರಡು ಮಡಿಕೆ ಮಾಡಿ ಸೊಂಟಕ್ಕೆ ಸುತ್ತಿ. ತುದಿ ಕೂಡಿದರೆ ಸರಿ. ಕೂಡದಿದ್ದರೆ ಬಿಪಿ, ರಕ್ತ ಪರೀಕ್ಷೆ ಮಾಡಿಸಿ. ಹದಿಮೂರು ದಾಟಿದವರಿಗೆ 130/80 ಬಂದರೂ ಅದು ಹೆಚ್ಚೇ. ಒಂದೇ ಸಲಕ್ಕೆ ಗಾಬರಿಯಾಗದೆ ಇನ್ನೆರಡು ದಿನ ಬೇರೆಬೇರೆಯಾಗಿ ನೋಡಿಸಿ. ಈ ಸಂಜೆ ಐದರವರೆಗೆ ನಾನು ಸ್ಟಾಫ್ ರೂಮಿನಲ್ಲಿ ಬಿಪಿ ಯಂತ್ರ ಇಟ್ಟುಕೊಂಡು ಕೂತಿರುತ್ತೇನೆ. ಮಕ್ಕಳನ್ನು ಕರೆತನ್ನಿ, ನೀವೂ ತೋಳು ಚಾಚಿ.