ಹೊಲಿ, ಬಿಚ್ಚು, ಮತ್ತೆ ಹೊಲಿ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕಾವ್ಯದ ಬಗ್ಗೆ ಮಾತಾಡು ಅಂತ ಕರೆದಿದ್ದೀರಿ. ನಾನು ಕೌದಿಯ ಬಗ್ಗೆ ಮಾತಾಡುತ್ತೇನೆ. ನಗಬೇಡ್ರಿ. ನಿಮ್ಮಲ್ಲಿ ಬಹಳ ಮಂದಿ ಊರಿಂದ ತಂದ ಕೌದಿಯನ್ನು ಟ್ರಂಕಿನ ತಳಕ್ಕೆ ತುರುಕಿ, ಅಂಗಡಿಯ ಚಾದರ ಹೊದ್ದು ಮಲಗುತ್ತೀರಿ. ಯಾಕೆ? ಕೌದಿ ಬಡತನದ ಗುರುತು ಅಂತ ನಮಗೆ ಕಲಿಸಿದ್ದಾರೆ. ಅದು ಬುದ್ಧಿಯ ಗುರುತೂ ಹೌದು ಅಂತ ಯಾರೂ ಕಲಿಸಿಲ್ಲ.

ಕೌದಿ ಹೊಲಿಯುವ ಅವ್ವನ ಹತ್ತಿರ ಒಂದು ದಿನ ಕೂತು ನೋಡ್ರಿ. ನಕ್ಷೆ ಇಲ್ಲ, ಅಳತೆಪಟ್ಟಿ ಇಲ್ಲ. ಹಳೆ ಸೀರೆ ನೆಲಕ್ಕೆ ಹಾಸುತ್ತಾಳೆ. ಹರಿದ ಧೋತರ, ಅಂಗಿ, ಲಂಗ ಒಳಪದರಕ್ಕೆ. ಮೇಲೆ ಬಣ್ಣದ ತುಂಡು ಇಟ್ಟು, ಎದ್ದು ದೂರ ನಿಂತು ನೋಡುತ್ತಾಳೆ. ಕೆಂಪಿನ ಪಕ್ಕ ಕೆಂಪು ಬಂತು, ತೆಗಿ. ಹಸಿರು ಸಾಲಲಿಲ್ಲ, ಎರಡು ಚೂರು ಕೂಡಿಸು. ತ್ರಿಕೋನ ಕತ್ತರಿಸಿದರೆ ಅದರ ಓರೆ ಅಂಚು ಜಗ್ಗುತ್ತದೆ, ಸಾಲು ಸೊಟ್ಟಾಗುತ್ತದೆ. ಬಿಚ್ಚುತ್ತಾಳೆ, ಜಗ್ಗದ ಬಟ್ಟೆಯ ಪಕ್ಕ ಇಟ್ಟು ಮತ್ತೆ ಹೊಲಿಯುತ್ತಾಳೆ. ಹೊಸ ಬಟ್ಟೆ ಒಗೆದಾಗ ಕುಗ್ಗಿ, ಪಕ್ಕದ ಹಳೇದನ್ನು ಎಳೆದು ಹರಿಯಿತೇ? ಮುಂದಿನ ಸಲ ಹೊಸದನ್ನು ಮೊದಲೇ ನೀರಲ್ಲಿ ನೆನೆಸಿ ಒಣಗಿಸುತ್ತಾಳೆ. ಬಿಚ್ಚಿದ ದಾರವನ್ನೂ ಸುತ್ತಿಡುತ್ತಾಳೆ, ಎಸೆಯುವುದಿಲ್ಲ.

ಇದನ್ನೇ ಕಾಲೇಜಿನ ಲ್ಯಾಬಿನಲ್ಲಿ ಮಾಡಿದರೆ ಪ್ರಯೋಗ ಅಂತ ಕರೆದು ಮಾರ್ಕ್ಸ್ ಕೊಡುತ್ತಾರೆ. ಅವ್ವ ಮಾಡಿದರೆ ಹೊತ್ತು ಕಳೆಯುವ ಕೆಲಸ ಅನ್ನುತ್ತಾರೆ.

ಹಳಿಯಾಳ, ಯಲ್ಲಾಪುರದ ಕಾಡಿನ ಸಿದ್ದಿ ತಾಯಂದಿರನ್ನು ನೋಡ್ರಿ. ಅವರ ಕೌದಿಗೆ ಕವಂದಿ ಅಂತ ಹೆಸರು. ಮೂಲೆಯಿಂದ ಶುರು ಮಾಡಿ, ಅಂಚು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ತುಂಡು ಇಡುವುದೂ ಹೊಲಿಯುವುದೂ ಒಟ್ಟೊಟ್ಟಿಗೇ. ನಡುವಿಗೆ ಬರುವ ತನಕ ಕವಂದಿ ಹೇಗೆ ಕಾಣುತ್ತದೆ ಅಂತ ಹೊಲಿಯುವವಳಿಗೂ ಪೂರಾ ಗೊತ್ತಿರುವುದಿಲ್ಲ. ಕೊನೆಗೆ ಮೂಲೆಗಳಿಗೆ ಮಡಿಚಿದ ಬಟ್ಟೆಯ ಹೂ ಇಡುತ್ತಾರೆ.

ಸಿದ್ದಿಗಳ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ಅದೇ ಆಫ್ರಿಕಾದಿಂದ ಬೇರೆ ಹಡಗುಗಳಲ್ಲಿ ಅಮೆರಿಕಕ್ಕೆ ಹೋದವರ ಮೊಮ್ಮಕ್ಕಳ ಊರೊಂದು ಅಲಬಾಮಾ ರಾಜ್ಯದಲ್ಲಿದೆ, ಜೀಸ್ ಬೆಂಡ್. ಅಲ್ಲಿನ ಕಪ್ಪು ಜನ ಮತದ ಹಕ್ಕು ಕೇಳುತ್ತಿದ್ದಾಗ, 1962ರಲ್ಲಿ, ಊರಿನ ದೋಣಿ ಸಂಚಾರವನ್ನೇ ನಿಲ್ಲಿಸಿದರು. ಅದು ಮತ್ತೆ ಶುರುವಾದದ್ದು 2006ರಲ್ಲಿ. ಆ ಸೀಮೆಯ ಹೆಂಗಸರು 1966ರಲ್ಲಿ ಫ್ರೀಡಂ ಕ್ವಿಲ್ಟಿಂಗ್ ಬೀ ಅನ್ನುವ ಸಹಕಾರ ಸಂಘ ಕಟ್ಟಿ, ಕೌದಿ ಮಾರಿ ದುಡಿದರು. ಪೇಟೆಯ ಆರ್ಡರಿಗೆ ಒಂದೇ ನಮೂನೆಯದು ಬೇಕು. ಆದರೆ 1972ರಲ್ಲಿ ಸಿಯರ್ಸ್ ಕಂಪನಿಯ ದಿಂಬಿನ ಚೀಲ ಹೊಲಿದಾಗ ಉಳಿದ ಕಾರ್ಡ್‌ರಾಯ್ ಚೂರುಗಳಿಂದ ಮನೆಯಲ್ಲಿ ತಮ್ಮದೇ ವಿನ್ಯಾಸ ಮಾಡಿಕೊಂಡರು. ದಪ್ಪ ಬಟ್ಟೆ, ಸಣ್ಣ ತುಂಡಿಗೆ ಬಗ್ಗುವುದಿಲ್ಲ. ಹಾಗಾಗಿ ದೊಡ್ಡ ಚೌಕ, ಅಗಲ ಪಟ್ಟಿ. ಬಟ್ಟೆ ಬೇಡ ಅಂದದ್ದೇ ಹೊಸ ವಿನ್ಯಾಸವಾಯಿತು. 2002ರಲ್ಲಿ ಹ್ಯೂಸ್ಟನ್ ನಗರದ ಮ್ಯೂಸಿಯಂ ಆ ಊರಿನ ಕೌದಿಗಳನ್ನು ಗೋಡೆಗೆ ತೂಗುಹಾಕಿತು. ಆಮೇಲೆ ಎಲ್ಲರೂ ಕಲೆ ಅಂದರು. ಗೋಡೆಗೆ ಏರುವ ಮೊದಲೂ ಅದು ಕಲೆಯೇ ಆಗಿತ್ತಲ್ಲ!

ಹಾಗಂತ ನಾನು ಬಡತನವನ್ನು ಹೊಗಳುತ್ತಿಲ್ಲ. ಕಂಬಳಿ ಕೊಳ್ಳಲು ಕಾಸಿಲ್ಲದ್ದಕ್ಕೇ ನಮ್ಮವರು ಕೌದಿ ಹೊಲಿದರು. ಚಳಿ ಚಳಿಯೇ. ನಾನು ಕೇಳುವುದಿಷ್ಟೇ: ಕೈ ನಮ್ಮದು, ತಲೆ ಅವರದು ಅಂತ ಪಾಲು ಮಾಡಿದವರು ಯಾರು? ಬಿಚ್ಚಿದ ಪ್ರತಿ ಹೊಲಿಗೆಯ ಹಿಂದೆ ಒಂದು ತೀರ್ಮಾನ ಇದೆ. ತೀರ್ಮಾನ ಮಾಡುವವಳು ಯೋಚಿಸುವವಳೇ. ಅವಳಿಗೆ ಹೆಸರೂ ಸಿಗಬೇಕು, ಕೂಲಿಯೂ ಸಿಗಬೇಕು.

ಕವಿತೆ ಬರೆಯುವ ತಮ್ಮಂದಿರೇ, ತಂಗಿಯರೇ, ಮೊದಲ ಸಲ ಸರಿ ಬರದಿದ್ದರೆ ಹಾಳೆ ಹರಿಯಬೇಡ್ರಿ. ಬಿಚ್ಚಿರಿ, ದಾರ ಉಳಿಸಿಕೊಳ್ಳಿರಿ. ಈ ರಜೆಗೆ ಊರಿಗೆ ಹೋದಾಗ ಅವ್ವನನ್ನು ಕೇಳ್ರಿ: ಈ ತುಂಡು ಇಲ್ಲಿ ಯಾಕೆ ಇಟ್ಟೆ, ಎಲ್ಲಿ ಬಿಚ್ಚಿದೆ, ಯಾಕೆ ಬಿಚ್ಚಿದೆ? ಅವಳು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಅವಳ ಹೆಸರು ಹಾಕಿ ತನ್ನಿ. ಮುಂದಿನ ಸಭೆಯಲ್ಲಿ ಅದನ್ನೇ ಓದೋಣ.